ಅಮ್ಮನ ಹಾಸಿಗೆ: ಒಂಬತ್ತು ದಿನದ ಕೆಲಸ

ಮೊದಲ ದಿನ, ಶನಿವಾರ
ಸೊಂಟದ ಮೂಳೆ ಮುರಿದುಕೊಂಡು ಅಮ್ಮ ನಾಲ್ಕು ತಿಂಗಳು ಮಲಗಿದ್ದ ಹಾಸಿಗೆ ಇದು. ರಬ್ಬರ್ ಬೆರೆಸಿದ ತೆಂಗಿನ ನಾರಿನದು, 5 ಇಂಚು ದಪ್ಪ. ಈಗ ಅವಳು ವಾಕರ್ ಹಿಡಿದು ಅಂಗಳದವರೆಗೆ ಹೋಗಿಬರುತ್ತಾಳೆ. ಇವತ್ತು ಹೊದಿಕೆ ತೆಗೆದಾಗ ಅವಳು ಮುಖ ತಿರುಗಿಸಿಕೊಂಡಳು. “ಇದನ್ನು ಎಸೆದುಬಿಡು, ಬಂದವರ ಕಣ್ಣಿಗೆ ಬೀಳುವುದು ಬೇಡ” ಎಂದಳು. ಆ ಮಾತು ಕೇಳಿದ ಮೇಲೆ ಎಸೆಯಲು ನನಗೆ ಮನಸ್ಸಾಗಲಿಲ್ಲ. ನಡುವೆ ಮೂತ್ರದ ಹಳದಿ ಕಲೆ, ಬಲಬದಿಗೆ ಬೆನ್ನಿನ ಹುಣ್ಣಿನಿಂದ ಬಿದ್ದ ರಕ್ತದ ಮೂರು ಚುಕ್ಕೆ.

ಎರಡನೆಯ ದಿನ
ತಪ್ಪು ಮಾಡಿದೆ. ಅರ್ಧ ಬಕೆಟ್ ಸಾಬೂನು ನೀರು ಸುರಿದು ಬ್ರಷ್‌ನಿಂದ ತಿಕ್ಕಿದೆ. ಸಂಜೆಯ ಹೊತ್ತಿಗೆ ಅಂಗೈ ಅಗಲದ ಕಲೆ ಊಟದ ತಟ್ಟೆಯಷ್ಟಾಗಿತ್ತು, ಅಂಚಿನಲ್ಲಿ ಕಂದು ಗೆರೆ ಬೇರೆ. ನೀರು ಒಳಗಿನ ಕೊಳೆಯನ್ನು ಕರಗಿಸಿಕೊಂಡು ಸುತ್ತಲೂ ಹರಡುತ್ತದೆ. ಅದು ಎಲ್ಲಿ ಆರುತ್ತದೆಯೋ ಅಲ್ಲಿ ಕೊಳೆಯನ್ನು ಬಿಟ್ಟುಹೋಗುತ್ತದೆ. ಹಾಸಿಗೆಗೆ ಕಲೆಗಿಂತ ನೀರೇ ದೊಡ್ಡ ಶತ್ರು. ಗೋಡೆಗೆ ಒರಗಿಸಿ ಫ್ಯಾನ್ ಹಾಕಿದೆ. ಒಣಗಲು ಪೂರ್ತಿ ಎರಡು ದಿನ ಬೇಕಾಯಿತು.

ಐದನೆಯ ದಿನ
ಮೊದಲು ರಕ್ತ. ತಣ್ಣೀರೇ ಆಗಬೇಕು, ಬಿಸಿನೀರು ತಾಗಿದರೆ ರಕ್ತದ ಪ್ರೋಟೀನ್ ಗಟ್ಟಿಯಾಗಿ ಬಟ್ಟೆಗೆ ಕಚ್ಚಿಕೊಳ್ಳುತ್ತದೆ. ಔಷಧಿ ಅಂಗಡಿಯಲ್ಲಿ ಸಿಕ್ಕಿದ್ದು ಶೇ. 6ರ ಹೈಡ್ರೋಜನ್ ಪೆರಾಕ್ಸೈಡ್. ಸಮ ಪ್ರಮಾಣದ ನೀರು ಸೇರಿಸಿ ಶೇ. 3ಕ್ಕೆ ಇಳಿಸಿದೆ. ಬಣ್ಣ ಬಿಡಿಸುವ ಗುಣ ಅದಕ್ಕಿರುವುದರಿಂದ ಕಾಣದ ಮೂಲೆಯೊಂದರಲ್ಲಿ ಪರೀಕ್ಷಿಸಿದೆ. ಹತ್ತಿಯ ಉಂಡೆಯಿಂದ ಒಂದು ಚುಕ್ಕೆಗೆ ಒತ್ತಿದಾಗ ಸರ್ರನೆ ಬಿಳಿ ನೊರೆ ಎದ್ದಿತು. ರಕ್ತದಲ್ಲಿನ ಕಿಣ್ವ ಪೆರಾಕ್ಸೈಡನ್ನು ನೀರು, ಆಮ್ಲಜನಕಗಳಾಗಿ ಒಡೆಯುವ ನೊರೆ ಅದು. ಒಣ ಬಟ್ಟೆಯಿಂದ ಒತ್ತಿ ಹೀರಿಸಿ, ಮತ್ತೆ ಹಚ್ಚಿ, ಮತ್ತೆ ಹೀರಿಸಿ. ನಾಲ್ಕನೆಯ ಸಲಕ್ಕೆ ಚುಕ್ಕೆ ತಿಳಿ ಹಳದಿಗೆ ಬಂದಿತು. ತಿಕ್ಕಲಿಲ್ಲ.

ಮಧ್ಯಾಹ್ನ ಹಳದಿ ಕಲೆಗೆ ಒಂದು ಲೋಟ ಇದೇ ಪೆರಾಕ್ಸೈಡ್, ಮೂರು ಚಮಚ ಅಡುಗೆ ಸೋಡಾ, ಪಾತ್ರೆ ತೊಳೆಯುವ ದ್ರವ ಎರಡು ಹನಿ. ಕಲಸಿದ ಕೂಡಲೇ ಬಳಸಬೇಕು. ಮುಚ್ಚಿಟ್ಟರೆ ಒಳಗೆ ಅನಿಲ ತುಂಬಿ ಬಾಟಲಿ ಸಿಡಿಯಬಹುದು. ಮೇಲ್ಮೈ ತೇವವಾಗುವಷ್ಟೇ ಸಿಂಪಡಿಸಿ ಬಿಟ್ಟೆ. ಇದಕ್ಕೆ ಬ್ಲೀಚಿಂಗ್ ಪುಡಿಯನ್ನು ಮಾತ್ರ ಯಾರೂ ಬಳಸಬೇಡಿ, ಮೂತ್ರದ ಅಮೋನಿಯಾ ಜೊತೆ ಸೇರಿ ವಿಷಗಾಳಿ ಬರುತ್ತದೆ.

ಏಳನೆಯ ದಿನ
ಕಲೆ ಮುಕ್ಕಾಲು ಹೋಗಿದೆ. ಆದರೆ ಮೋಡ ಕವಿದ ಬೆಳಿಗ್ಗೆ ವಾಸನೆ ಮರಳಿತು. ಯೂರಿಕ್ ಆಮ್ಲದ ಹರಳುಗಳು ನೀರಿಗೆ ಸುಲಭವಾಗಿ ಕರಗುವುದಿಲ್ಲ, ತೇವ ಸಿಕ್ಕಿದರೆ ಮತ್ತೆ ನಾರುತ್ತವೆ. ಇನ್ನೊಂದು ಸುತ್ತು ಸಿಂಪಡಿಸಿದೆ. ಒಣಗಿದ ಮೇಲೆ ರಾತ್ರಿಯಿಡೀ ಸೋಡಾ ಹರಡಿಟ್ಟು, ಬೆಳಿಗ್ಗೆ ವ್ಯಾಕ್ಯೂಮ್‌ನಿಂದ ಎಳೆದೆ.

ಒಂಬತ್ತನೆಯ ದಿನ
ಎರಡು ದಿನವೂ ಬೆಳಗಿನ ಎಳೆಬಿಸಿಲಿಗೆ ತಾರಸಿಯಲ್ಲಿ ಇಟ್ಟೆ. ಸುಡುಬಿಸಿಲಿಗೆ ರಬ್ಬರ್ ಪುಡಿಯಾಗುತ್ತದೆ, ಹಾಗಾಗಿ ಹತ್ತು ಗಂಟೆಗೆ ನೆರಳಿಗೆ. ಪೂರ್ತಿ ಒಣಗದೆ ಗವಸು ಹಾಕಿದರೆ ಒಳಗೇ ಬೂಷ್ಟು ಹಿಡಿಯುತ್ತದೆ. ಅದಕ್ಕಾಗಿ ಹಾಸಿಗೆಯ ಮೇಲೆ ಸುದ್ದಿಪತ್ರಿಕೆ ಇಟ್ಟು, ಅದರ ಮೇಲೆ ರುಬ್ಬುವ ಗುಂಡುಕಲ್ಲು ಹೇರಿ ಒಂದು ಗಂಟೆ ಬಿಟ್ಟು ನೋಡಿದೆ. ಕಾಗದ ಗರಿಗರಿಯಾಗಿಯೇ ಇತ್ತು.

ಹಿಂದೆ ಹಾಕುತ್ತಿದ್ದ ರಬ್ಬರ್ ಶೀಟ್‌ನ ಮೇಲೆ ಅಮ್ಮನ ಬೆನ್ನು ಬೆವರುತ್ತಿತ್ತು. ಈ ಸಲ ಮೇಲೆ ಹತ್ತಿ, ಕೆಳಗೆ ತೆಳು ಜಲನಿರೋಧಕ ಪದರ ಇರುವ ಗವಸು ತಂದೆ. ಅದನ್ನು ಬಿಸಿನೀರಿಗೆ ಹಾಕಬಾರದು, ಇಸ್ತ್ರಿ ಮಾಡಬಾರದು, ಪದರ ಬಿರಿಯುತ್ತದೆ. ಅದರ ಮೇಲೆ ಬೆಡ್‌ಶೀಟ್, ಸೊಂಟದ ಜಾಗಕ್ಕೆ ಅಡ್ಡಲಾಗಿ ನಾಲ್ಕು ಮಡಿಕೆ ಮಾಡಿದ ಹಳೆಯ ಪಂಚೆ. ರಾತ್ರಿ ಒದ್ದೆಯಾದರೆ ಅದೊಂದನ್ನೇ ಎಳೆದು ಬದಲಿಸಬಹುದು.

ಗವಸು ಹಾಕುವ ಮೊದಲು ಅಮ್ಮ ಬಂದು ಅಂಗೈಯಿಂದ ಸವರಿ ನೋಡಿದಳು. ತಿಳಿ ಕಂದು ಗೆರೆಯೊಂದು ಇನ್ನೂ ಉಳಿದಿದೆ. “ಅದು ಇರಲಿ ಬಿಡು” ಎಂದವಳೇ ವಾಕರ್ ಬದಿಗಿಟ್ಟು ಅಂಚಿನಲ್ಲಿ ಕುಳಿತು, ಗವಸಿನ ಒಂದು ಮೂಲೆಯನ್ನು ತಾನೇ ಎಳೆದು ಸಿಕ್ಕಿಸಿದಳು.