ಮೊಂತಿ ಹಬ್ಬದಲ್ಲಿ ಮಕ್ಕಳೇ ಮುಂದೆ

ಆಗಸ್ಟ್ 30 ಬಂತೆಂದರೆ ಕರಾವಳಿಯ ಕೆಥೋಲಿಕ್ ಮನೆಗಳ ಅಂಗಳದಲ್ಲಿ ಹೂ ಉಳಿಯುವುದಿಲ್ಲ. ಮೊಂತಿ ಹಬ್ಬದ ನೊವೇನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಶುರು. ಹಬ್ಬ ಸೆಪ್ಟೆಂಬರ್ 8ಕ್ಕೆ, ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ; ಹೊಸ ಬೆಳೆಯ ಹಬ್ಬವೂ ಅದೇ. ಅದಕ್ಕೂ ಮುಂಚಿನ ಒಂಬತ್ತು ದಿನ ಮಕ್ಕಳು ಇಗರ್ಜಿಗೆ (ಚರ್ಚಿಗೆ) ಹೂ ತರುತ್ತಾರೆ. ದಾಸವಾಳ, ಕೇಪಳ, ಬೇಲಿಯಲ್ಲಿ ತಾನಾಗಿ ಬೆಳೆದದ್ದು, ಏನಾದರೂ ಸರಿ. ಪಕ್ಕದ ಮನೆಯ ಗಿಡಕ್ಕೂ ಕೈ ಹೋಗುತ್ತದೆ.

ಬಾಲ ಮರಿಯಮ್ಮನ ಪುಟ್ಟ ಪ್ರತಿಮೆಯ ಮುಂದೆ ಸಾಲು. ಕೊಂಕಣಿ ಹಾಡಿಗೆ ತಕ್ಕಂತೆ ಒಂದೊಂದು ಹಿಡಿ ಹಾಕಬೇಕು ಎಂದು ಸಿಸ್ಟರ್ ಹೇಳಿಕೊಟ್ಟಿರುತ್ತಾರೆ. ಒಬ್ಬಳು ಎಸಳು ಎಣಿಸಿ ಎಣಿಸಿ ಹಾಕುತ್ತಾಳೆ. ಇನ್ನೊಬ್ಬ ಮೊದಲ ಸಾಲಿಗೇ ಡಬ್ಬಿ ಪೂರ್ತಿ ಸುರಿದು, ಮುಂದಿನವಳ ಬುಟ್ಟಿಗೆ ಕೈ ಹಾಕುತ್ತಾನೆ. ಹಾಡು ಮುಗಿಯುವಷ್ಟರಲ್ಲಿ ಅರ್ಧ ಹೂ ಪೀಠದ ಮೇಲೆ, ಅರ್ಧ ನೆಲದ ಮೇಲೆ.

ಈ ಗಲಾಟೆ ನನಗೆ ತುಂಬಾ ಇಷ್ಟ. ವರ್ಷದ ಉಳಿದ ದಿನ ಇದೇ ಮಕ್ಕಳಿಗೆ ಪೂಜೆಯ ನಡುವೆ ನಾವು ಹೇಳುವುದೇನು? ಸುಮ್ನಿರು, ಕೂತ್ಕೋ, ಫಾದರ್ ನೋಡ್ತಾರೆ. ಮಗು ಸ್ವಲ್ಪ ಅತ್ತರೆ ಸಾಕು, ನಾಲ್ಕು ತಲೆ ತಿರುಗುತ್ತವೆ. ತಾಯಿ ಎದ್ದು ಹೊರಗೆ ಹೋಗಿ, ಮಳೆಯಲ್ಲಿ ಜಗಲಿ ಮೇಲೆ ನಿಂತು ಫಾದರ್ ಮಾಡುವ ಪ್ರಸಂಗ ಕೇಳಬೇಕು.

ಯೇಸುಸ್ವಾಮಿಯ ಶಿಷ್ಯರು ಮಾಡಿದ್ದೂ ಇದನ್ನೇ. ಜನ ಮಕ್ಕಳನ್ನು ಕರೆತಂದಾಗ ಗದರಿಸಿದರು. ಕೆಟ್ಟ ಮನಸ್ಸಿನಿಂದ ಅಲ್ಲ, ಗುರುಗಳಿಗೆ ತೊಂದರೆ ಆಗದಿರಲಿ ಅಂತ ಇರಬೇಕು. ಆದರೆ ಯೇಸುಸ್ವಾಮಿಗೆ ಕೋಪ ಬಂತು ಎಂದು ಮಾರ್ಕ, ಯೇಸುವಿನ ಕಥೆ ಹೇಳುವ ತನ್ನ ಶುಭಸಂದೇಶದಲ್ಲಿ, ನೇರವಾಗಿ ಬರೆಯುತ್ತಾನೆ. ಅವರು ಆ ಮಕ್ಕಳನ್ನು ಅಪ್ಪಿಕೊಂಡರು, ತಲೆಯ ಮೇಲೆ ಕೈಯಿಟ್ಟು ಹರಸಿದರು. ಜಪ ಬರುತ್ತಾ ಎಂದು ಕೇಳಲಿಲ್ಲ. ಅದಕ್ಕೂ ಮುಂಚೆ ಕಪೆರ್ನೌಮ್ ಎಂಬ ಊರಿನಲ್ಲಿ, ನಮ್ಮಲ್ಲಿ ಯಾರು ದೊಡ್ಡವರು ಎಂದು ಶಿಷ್ಯರು ವಾದ ಮಾಡಿದ್ದರಲ್ಲ, ಆಗ ಅವರು ಒಂದು ಮಗುವನ್ನು ಕರೆದು ನಡುವೆ ನಿಲ್ಲಿಸಿದರು. ಇಂಥ ಮಗುವನ್ನು ನನ್ನ ಹೆಸರಿನಲ್ಲಿ ಬರಮಾಡಿಕೊಂಡವನು ನನ್ನನ್ನೇ ಬರಮಾಡಿಕೊಂಡ ಹಾಗೆ ಎಂದರು. ಆ ಮಗು ಒಂದು ಮಾತೂ ಆಡಿದ್ದು ಅಲ್ಲಿ ಬರೆದಿಲ್ಲ.

ನಾವೂ ಮಕ್ಕಳನ್ನು ಮುಂದೆ ನಿಲ್ಲಿಸುತ್ತೇವೆ. ಆದರೆ ಹೆಚ್ಚಾಗಿ ಬೈಬಲ್ ಕ್ವಿಜ್‌ಗೆ, ಡ್ಯಾನ್ಸಿಗೆ. ಚೆನ್ನಾಗಿ ಮಾಡಿದರೆ ಚಪ್ಪಾಳೆ. ಬರಮಾಡಿಕೊಳ್ಳುವುದು ಅಂದರೆ ಇದಲ್ಲ ಅಂತ ನನಗನ್ನಿಸುತ್ತದೆ. ಹೂ ಹಾಕುವುದರಲ್ಲಿ ಫಸ್ಟ್ ಪ್ರೈಜ್ ಇಲ್ಲ, ಅಲ್ವಾ?

ಕೆಥೋಲಿಕ್ ಧರ್ಮಸಭೆಗೂ ಇದು ಒಂದೇ ಸಲಕ್ಕೆ ಹೊಳೆದದ್ದಲ್ಲ. ಒಂದು ಕಾಲದಲ್ಲಿ ಎಷ್ಟೋ ಕಡೆ ಮೊದಲ ಪರಮಪ್ರಸಾದಕ್ಕೆ (ಪೂಜೆಯಲ್ಲಿ ಕ್ರಿಸ್ತರ ಶರೀರವೆಂದು ಸ್ವೀಕರಿಸುವ ರೊಟ್ಟಿಗೆ) ಮಕ್ಕಳು ಹತ್ತು, ಹನ್ನೆರಡು, ಕೆಲವು ಕಡೆ ಹದಿನಾಲ್ಕು ವರ್ಷದವರೆಗೆ ಕಾಯಬೇಕಿತ್ತು. ಪೂರ್ತಿ ಅರ್ಥವಾದ ಮೇಲೆ ಕೊಟ್ಟರಾಯಿತು ಎಂಬ ಲೆಕ್ಕ. 1910ರಲ್ಲಿ ಪೋಪ್ ಹತ್ತನೇ ಪಯಸ್ ಅದನ್ನು ಸುಮಾರು ಏಳು ವರ್ಷಕ್ಕೆ ಇಳಿಸಿದರು. ಸಾಮಾನ್ಯ ರೊಟ್ಟಿಗೂ ಈ ಪ್ರಸಾದಕ್ಕೂ ಇರುವ ವ್ಯತ್ಯಾಸ ಮಗುವಿಗೆ ತಿಳಿದರೆ ಸಾಕು ಎಂದರು. ಪೂರ್ತಿ ಅರ್ಥವಾಗಬೇಕು ಎಂದಿದ್ದರೆ ದೊಡ್ಡವರಲ್ಲೂ ಎಷ್ಟು ಜನ ಸಾಲಿನಲ್ಲಿ ಉಳಿಯುತ್ತಿದ್ದೆವೋ!

ಹಬ್ಬದ ದಿನ ಓದುವ ಶುಭಸಂದೇಶವಂತೂ ಮಕ್ಕಳಿಗೆ ದೊಡ್ಡ ಪರೀಕ್ಷೆ. ಮತ್ತಾಯ ಬರೆದ ಯೇಸುವಿನ ವಂಶಾವಳಿ. ಅಬ್ರಹಾಮನಿಂದ ಯೋಸೇಫರವರೆಗೆ ಹೆಸರು ಮುಗಿಯುವುದೇ ಇಲ್ಲ. ಅಷ್ಟೂ ಹೊತ್ತು ಕಣ್ಣು ಬಾಗಿಲ ಕಡೆ ಹೊರಳುತ್ತಿರುತ್ತದೆ, ಯಾಕೆಂದರೆ ಅಲ್ಲಿ ಕಬ್ಬು ಕಟ್ಟು ಕಟ್ಟಾಗಿ ಒರಗಿಸಿಟ್ಟಿದೆ. ಆಮೇಲೆ ಇಗರ್ಜಿಯಲ್ಲಿ ಹರಸಿದ ಭತ್ತದ ತೆನೆ ಮನೆಗೆ ಬರುತ್ತದೆ. ಹೊಸ ಭತ್ತದ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರಿಗೂ ಹಂಚುತ್ತಾರೆ. ಹಿರಿಯರು ಜಪ ಮುಗಿಸುವವರೆಗೆ ಯಾರೂ ಬಾಳೆಯೆಲೆಗೆ ಕೈ ಹಾಕುವಂತಿಲ್ಲ. ಅಜ್ಜಂದಿರೇ, ಜಪ ಸ್ವಲ್ಪ ಚಿಕ್ಕದಿರಲಿ. ಬೆಳಿಗ್ಗೆಯಿಂದ ಕಬ್ಬು ಬಿಟ್ಟು ಬೇರೇನೂ ತಿಂದಿಲ್ಲ ಅವು.