ಟಕ್ ಎಂದ ಮಾತ್ರಕ್ಕೆ ಸೈರನ್ ಕೂಗಿದಂತಲ್ಲ

ಡಿಪ್ಲೊಮಾ ಓದುತ್ತಿದ್ದಾಗ ಫೋನಿನ ಗುಂಡಿಗಳ ಸದ್ದನ್ನು ಗುರುತಿಸುವ ಎಂಟಿ 8870 ಎಂಬ ಐಸಿಯಿಂದ (ಚಿಪ್), ಫೋನಿನ ಗುಂಡಿ ಒತ್ತಿದರೆ ದೀಪ ಹೊತ್ತಿಕೊಳ್ಳುವ ಸರ್ಕ್ಯೂಟೊಂದನ್ನು ಕಟ್ಟಿದ್ದೆ. ಪ್ರತಿ ಗುಂಡಿಗೂ ಎರಡು ಆವರ್ತನಗಳ ಜೋಡಿಯಿರುತ್ತದೆ. ಒಂದರ ಗುಂಡಿಗೆ 697 ಮತ್ತು 1209 ಹರ್ಟ್ಸ್. ಆ ಜೋಡಿ ಬಂದೊಡನೆ ದೀಪ ಹೊತ್ತಿಸುವ ರಿಲೇ, ಅಂದರೆ ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು, ‘ಟಕ್’ ಎನ್ನುತ್ತಿತ್ತು. ಅದೇ ಸದ್ದನ್ನು ಟೇಪ್‌ರೆಕಾರ್ಡರಿನಲ್ಲಿ ಹಿಡಿದು ಮತ್ತೆ ಕೇಳಿಸಿದಾಗಲೂ ಅದು ಅಷ್ಟೇ ವಿಧೇಯವಾಗಿ ‘ಟಕ್’ ಎಂದಿತ್ತು. ನಾವು ಗೆಳೆಯರು ನಕ್ಕು ಸುಮ್ಮನಾಗಿದ್ದೆವು.

2017ರ ಏಪ್ರಿಲ್ 7ರ ರಾತ್ರಿ ಅಮೆರಿಕದ ಡಲ್ಲಾಸ್ ನಗರದ 156 ಎಚ್ಚರಿಕೆ ಸೈರನ್‌ಗಳು ಸುಂಟರಗಾಳಿಯ ಸುಳಿವೇ ಇಲ್ಲದೆ ಒಟ್ಟಿಗೆ ಕೂಗತೊಡಗಿದ ಸುದ್ದಿ ಓದಿದಾಗ ನನಗೆ ನೆನಪಾದದ್ದು ಆ ರಿಲೇ. ಹೊರಗಿನವರಾರೋ ರೇಡಿಯೊ ಮೂಲಕ ಕಳುಹಿಸಿದ ಸಂಕೇತಕ್ಕೆ ವ್ಯವಸ್ಥೆ ತಲೆಬಾಗಿತ್ತು. ಸುಮಾರು ಒಂದೂವರೆ ಗಂಟೆ ಕಾಲ ಮತ್ತೆ ಮತ್ತೆ ಮೊಳಗಿದ ಸೈರನ್‌ಗಳನ್ನು ಸುಮ್ಮನಾಗಿಸಲು ಕೊನೆಗೆ ಇಡೀ ವ್ಯವಸ್ಥೆಯನ್ನೇ ಆರಿಸಬೇಕಾಯಿತು. ಆನಂತರ ನಗರಾಡಳಿತ ಸಂಕೇತಗಳಿಗೆ ಗೂಢಲಿಪಿಯ ರಕ್ಷಣೆ ಕೊಟ್ಟಿತು.

ಗೂಢಲಿಪಿಯೊಂದೇ ಸಾಲದು; ಹಿಡಿದಿಟ್ಟ ಸಂಕೇತವನ್ನು ಹಾಗೆಯೇ ಮತ್ತೆ ಕಳುಹಿಸಿದರೆ ನನ್ನ ರಿಲೇಯಂತೆ ಅದೂ ಮೋಸಹೋದೀತು. ಪ್ರತಿ ಆದೇಶದೊಳಗೆ ಏರುತ್ತ ಹೋಗುವ ಕ್ರಮಸಂಖ್ಯೆಯೋ ಸಮಯವೋ ಇದ್ದರೆ ಮಾತ್ರ, ನಿನ್ನೆ ಹಿಡಿದಿಟ್ಟ ಸಂಕೇತ ಇಂದು ಹಳಸಲಾಗುತ್ತದೆ. ಆದರೆ ಆದೇಶ ಪಡೆದು ಸೈರನ್ ನಡೆಸುವ, ಕಂಬದ ಮೇಲಿನ ಪೆಟ್ಟಿಗೆಯ ಗಡಿಯಾರ ತಪ್ಪಿದರೆ ನಿಜವಾದ ಆದೇಶವನ್ನೂ ಅದು ತಳ್ಳಿಹಾಕೀತು. ಹಾಗಾಗಿ ನಾನಾದರೆ ಕ್ರಮಸಂಖ್ಯೆಯನ್ನೇ ಆರಿಸಿಕೊಳ್ಳುವೆ.

ಬ್ಯಾಟರಿಯ ಕಥೆ ಸುದ್ದಿಯಾಗುವುದಿಲ್ಲ, ನನಗೆ ಹೆಚ್ಚು ಭಯ ಅದರದ್ದೇ. ಮೋಟಾರಿನ ಸೈರನ್‌ಗಳಲ್ಲಿ 12 ವೋಲ್ಟಿನ ನಾಲ್ಕು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 48 ವೋಲ್ಟ್ ಪಡೆಯುವುದು ರೂಢಿ. ಬಿಸಿಲಿನಲ್ಲಿ ಬೆಂದು ಸೊರಗಿದ ಬ್ಯಾಟರಿಯೂ ಸುಮ್ಮನಿರುವಾಗ ಮೀಟರಿನಲ್ಲಿ ಸರಿಯಾದ ವೋಲ್ಟೇಜನ್ನೇ ತೋರಿಸಬಹುದು. ಮೋಟಾರು ಹೊರಡುವಾಗ ಒಮ್ಮೆಲೇ ಎಳೆಯುವ ಕರೆಂಟಿಗೆ ವೋಲ್ಟೇಜ್ ಕುಸಿಯುತ್ತದೆ, ಮೋಟಾರಿಗೆ ಕರೆಂಟು ಕೊಡುವ ದೊಡ್ಡ ರಿಲೇಯಾದ ಕಾಂಟ್ಯಾಕ್ಟರ್ ಹಿಡಿತ ಬಿಡುತ್ತದೆ, ಹೊರೆ ಇಳಿದೊಡನೆ ವೋಲ್ಟೇಜ್ ಚೇತರಿಸಿಕೊಂಡು ಅದು ಮತ್ತೆ ಹಿಡಿಯುತ್ತದೆ. ಕಂಬದ ಕೆಳಗೆ ನಿಂತವರಿಗೆ ಕೇಳಿಸುವುದು ಬರೀ ಟಕಟಕ ಸದ್ದು.

ಆದ್ದರಿಂದ ಪರೀಕ್ಷೆಯ ದಿನ ಆ ಪೆಟ್ಟಿಗೆ ನಿಯಂತ್ರಣ ಕೊಠಡಿಗೆ ‘ಆದೇಶ ತಲುಪಿತು’ ಎಂದಷ್ಟೇ ಉತ್ತರಿಸಿದರೆ ನಾನು ಒಪ್ಪಲಾರೆ. ಮೋಟಾರಿನ ತಂತಿಯಲ್ಲಿ ಎಷ್ಟು ಆಂಪಿಯರ್ ಹರಿಯಿತು, ಎಷ್ಟು ಸೆಕೆಂಡು ಹರಿಯಿತು, ಆಗ ಬ್ಯಾಟರಿ ಎಷ್ಟಕ್ಕೆ ಇಳಿಯಿತು ಎಂಬ ಮೂರನ್ನೂ ಅದು ಹೇಳಬೇಕು.