ಸಬ್ಬತ್ ಊಟದಲ್ಲಿ ಬ್ರೆಡ್ಡಿಗೆ ಬಟ್ಟೆ ಯಾಕೆ ಹೊದಿಸುತ್ತಾರೆ?

ಶುಕ್ರವಾರ ಸಂಜೆ ಶುರುವಾಗುವ ಯೆಹೂದಿಗಳ ವಾರದ ವಿಶ್ರಾಂತಿ ದಿನವೇ ಸಬ್ಬತ್. ಆ ರಾತ್ರಿಯ ಊಟದ ಚಿತ್ರ ನೋಡಿದವರು ತಪ್ಪದೆ ಕೇಳುವ ಪ್ರಶ್ನೆ ಇದು. ನೊಣ ಕೂರಬಾರದು ಅಂತಲ್ಲ, ಬ್ರೆಡ್ಡಿಗೆ ಅವಮಾನ ಆಗಬಾರದು ಅಂತ!

ಊಟದ ಸ್ತುತಿಗಳಲ್ಲಿ ಬ್ರೆಡ್ಡಿನದೇ ಮೊದಲ ಸ್ಥಾನ. ಆದರೆ ಸಬ್ಬತ್ತಿನಂದು ದ್ರಾಕ್ಷಾರಸದ ಮೇಲೆ ಹೇಳುವ ಕಿದ್ದುಷ್ ಎಂಬ ಸ್ತುತಿ ಅದಕ್ಕಿಂತ ಮೊದಲು ಬರುತ್ತದೆ. ಹಿರಿಯಳು ಕೂತಿರುವಾಗ ಕಿರಿಯಳಿಗೆ ಮೊದಲು ಕುಂಕುಮ ಕೊಟ್ಟಂತೆ. ಅದಕ್ಕೇ ಅಷ್ಟು ಹೊತ್ತು ಮುಸುಕು. ಇನ್ನೊಂದು ಕಾರಣ, ಅರಣ್ಯದಲ್ಲಿ ಅಲೆಯುತ್ತಿದ್ದ ಇಸ್ರೇಲರಿಗೆ ಆಕಾಶದಿಂದ ಬಿದ್ದ ಆಹಾರವಾದ ಮನ್ನ ಎರಡು ಪದರ ಇಬ್ಬನಿಯ ನಡುವೆ ಇತ್ತೆಂಬ ನಂಬಿಕೆ. ಶುಕ್ರವಾರ ಅದು ಎರಡು ಪಾಲು ಸಿಗುತ್ತಿತ್ತು (ಬೈಬಲ್ಲಿನ ವಿಮೋಚನಕಾಂಡ 16), ಹಾಗಾಗಿ ಬ್ರೆಡ್ಡೂ ಎರಡು. ಕೊಂಕಣದ ಯೆಹೂದಿಗಳಾದ ಬೆನೆ ಇಸ್ರೇಲರು ಕಿದ್ದುಷ್‌ಗೆ ಒಣದ್ರಾಕ್ಷಿ ನೆನೆಸಿದ ಶರಬತ್ತನ್ನೂ ಬಳಸುತ್ತ ಬಂದಿದ್ದಾರೆ.

ನಿಜವಾಗಿ ಬಟ್ಟೆಗಿಂತ ಅದರ ಕೆಳಗಿನ ಮೇಜೇ ಮುಖ್ಯ. ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯ ನಾಶವಾಯಿತು. ಬಲಿಪೀಠ ಇಲ್ಲದ ಕಾಲಕ್ಕೆ ಮನುಷ್ಯನ ಊಟದ ಮೇಜೇ ಆ ಕೆಲಸ ಮಾಡುತ್ತದೆ ಎಂದಿತು ಯೆಹೂದಿ ಧರ್ಮಶಾಸ್ತ್ರದ ಗ್ರಂಥ ತಾಲ್ಮೂದ್. ಮುಂದಿನದೆಲ್ಲ ಈ ಮಾತಿನ ನೆರಳಿನಲ್ಲೇ ಇದೆ.

ಹಲ್ಲಾ ಎಂಬ ಆ ಬ್ರೆಡ್ಡಿನ ಹೆಸರು ಮೂಲದಲ್ಲಿ ಯಾಜಕರಿಗೆ ಎತ್ತಿಡುತ್ತಿದ್ದ ಹಿಟ್ಟಿನ ಪಾಲಿನದು. ಈಗಲೂ ಸುಮಾರು 1.7 ಕಿಲೋ ಮೈದಾ ಕಲಸಿದರೆ ಸ್ತುತಿ ಹೇಳಿ ಆಲಿವ್ ಗಾತ್ರದ ಉಂಡೆ ತೆಗೆದು ಸುಡುತ್ತಾರೆ. ಮರೆತರೆ ಬೇಯಿಸಿದ ಮೇಲೂ ತೆಗೆಯಬಹುದು, ಆದರೆ ಸಬ್ಬತ್ ಶುರುವಾಗುವ ಮುಂಚೆ.

ಕಿದ್ದುಷ್ ಆದ ಮೇಲೆ ಕೈ ತೊಳೆಯುವುದು. ನಲ್ಲಿಯ ಕೆಳಗೆ ಕೈ ಹಿಡಿದರೆ ನಡೆಯದು. ಅಂಚು ಒಡೆಯದ ಚೆಂಬಿನಿಂದ ಸುರಿಯಬೇಕು. ಉಂಗುರ ತೆಗೆದು, ಬಲಗೈಗೆ ಎರಡು ಸಲ, ಎಡಗೈಗೆ ಎರಡು ಸಲ, ಮಣಿಕಟ್ಟಿನವರೆಗೆ. ನೀರು ಕಮ್ಮಿಯಾಗಿ ಅನುಮಾನ ಹುಟ್ಟುವುದೇ ಸಾಮಾನ್ಯ ತಪ್ಪು, ತುಂಬಿದ ಚೆಂಬು ಹಿಡಿದರೆ ಮುಗಿಯಿತು. ಸ್ತುತಿ ಹೇಳಿ ಕೈ ಒರೆಸಿದ ಮೇಲೆ ತುತ್ತು ಬಾಯಿಗೆ ಹೋಗುವವರೆಗೆ ಮೌನ. ಹೊಸಬರು ಎಡವುವುದು ಇಲ್ಲೇ. ಬ್ರೆಡ್ಡಿನ ಸ್ತುತಿಯಾದ ಮೇಲೂ "ಉಪ್ಪು ತನ್ನಿ" ಎನ್ನಬಹುದು, ಅದು ಊಟದ್ದೇ ಮಾತು. ಕ್ರಿಕೆಟ್ ಸ್ಕೋರು ಕೇಳಿದಿರೋ, ಸ್ತುತಿ ಮತ್ತೆ ಹೇಳಬೇಕು.

ತುಂಡನ್ನು ಉಪ್ಪಿಗೆ ಅದ್ದುವುದು ಬಲಿಯಲ್ಲಿ ಉಪ್ಪು ತಪ್ಪಬಾರದೆಂಬ ಯಾಜಕಕಾಂಡದ (2:13) ನಿಯಮದಿಂದ. ತುಂಡನ್ನು ತಟ್ಟೆಯಲ್ಲಿಡುತ್ತಾರೆ, ಕೈಗೆ ಕೊಡುವುದಿಲ್ಲ; ಕೈಗೆ ಕೊಡುವುದು ಸೂತಕದವರಿಗೆ.

ಮೂವರು ಒಟ್ಟಿಗೆ ಉಂಡಿದ್ದರೆ ಕೊನೆಯ ಕೃತಜ್ಞತೆಗೆ ಒಬ್ಬರು ಉಳಿದವರನ್ನು ಕರೆಯಲೇಬೇಕು. ವಾರದ ದಿನಗಳಲ್ಲಿ ಅದಕ್ಕೆ ಮೊದಲು ಚಾಕುವನ್ನು ತೆಗೆದಿಡುತ್ತಾರೆ ಅಥವಾ ಮುಚ್ಚುತ್ತಾರೆ. ಬಲಿಪೀಠದ ಕಲ್ಲಿಗೆ ಕಬ್ಬಿಣ ತಾಗಿಸಬಾರದಲ್ಲ.